ಮನೆ ಬದಲಿಸುವಾಗ ಕರೆಂಟ್ ಮತ್ತು ಗ್ಯಾಸ್: ಯಾವುದನ್ನು ಯಾವಾಗ ಮಾಡಬೇಕು?

ಹೊಸ ಮನೆಯಲ್ಲಿ ಹಾಲು ಉಕ್ಕಿಸಬೇಕು. ಪಾತ್ರೆ ಇದೆ, ಹಾಲಿದೆ, ಒಲೆಯೂ ಬಂದಿದೆ. ಸಿಲಿಂಡರ್ ಮಾತ್ರ ಇಲ್ಲ. ಇನ್ನೊಂದು ಮನೆಯಲ್ಲಿ ಸಿಲಿಂಡರ್ ಇದೆ, ಕರೆಂಟ್ ಇಲ್ಲ. ಹಿಂದೆ ಇದ್ದವರು ಮೂರು ತಿಂಗಳ ಬಿಲ್ ಉಳಿಸಿ ಹೋಗಿದ್ದಾರೆ, ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋಗಿದ್ದಾನೆ. ಮನೆ ಬದಲಿಸುವವರು ಕೇಳುವ ಪ್ರಶ್ನೆಗಳೆಲ್ಲ ಹೆಚ್ಚುಕಡಿಮೆ ಈ ಎರಡರ ಸುತ್ತಲೇ ಇರುತ್ತವೆ. ಅದಕ್ಕೇ ಎಲ್ಲವನ್ನೂ ಮಾಡಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ಒಂದು ವಿಷಯ ಮೊದಲೇ ತಿಳಿದಿದ್ದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಕರೆಂಟ್ ಸಂಪರ್ಕ ಮನೆಯದ್ದು. ನೀವು ಹೋದರೂ ಅದು ಗೋಡೆ ಮೇಲೆಯೇ ಇರುತ್ತದೆ. ಸಿಲಿಂಡರ್ ಸಂಪರ್ಕ ನಿಮ್ಮದು. ನೀವು ಹೋದಲ್ಲಿಗೆ ಅದೂ ಬರಬೇಕು. ಹಾಗಾಗಿ ಕರೆಂಟ್ ವಿಷಯದಲ್ಲಿ ನಿಮ್ಮ ಕೆಲಸ ಲೆಕ್ಕ ಚುಕ್ತಾ ಮಾಡುವುದು. ಗ್ಯಾಸ್ ವಿಷಯದಲ್ಲಿ ನಿಮ್ಮ ಕೆಲಸ ವರ್ಗಾವಣೆ. ಇವೆರಡನ್ನು ಅದಲುಬದಲು ಮಾಡಿಕೊಂಡವರೇ ಜಾಸ್ತಿ ಓಡಾಡುವುದು.

ನಿಮ್ಮ ಊರಿನ ಕರೆಂಟ್ ಕಂಪನಿ ಯಾವುದು ಎಂಬುದೂ ಗೊತ್ತಿರಲಿ. ಬೆಂಗಳೂರು, ತುಮಕೂರು, ಕೋಲಾರ, ಚಿತ್ರದುರ್ಗ, ದಾವಣಗೆರೆ ಕಡೆ ಬೆಸ್ಕಾಂ. ಮೈಸೂರು, ಮಂಡ್ಯ, ಹಾಸನ, ಕೊಡಗು, ಚಾಮರಾಜನಗರಕ್ಕೆ ಸೆಸ್ಕ್. ಮಂಗಳೂರು, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರಿಗೆ ಮೆಸ್ಕಾಂ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಾರವಾರ, ವಿಜಯಪುರದ ಕಡೆ ಹೆಸ್ಕಾಂ. ಕಲಬುರಗಿ, ಬೀದರ್, ರಾಯಚೂರು, ಬಳ್ಳಾರಿಗೆ ಜೆಸ್ಕಾಂ. ಕರೆಂಟ್ ದೂರಿಗೆ ಎಲ್ಲ ಕಡೆಯೂ ಒಂದೇ ನಂಬರ್: 1912. ಗ್ಯಾಸ್ ಸೋರಿಕೆಗೆ 1906. ಎರಡನ್ನೂ ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.

ಕೈಯಲ್ಲಿ ಏನೇನು ಇರಬೇಕು?

ಆಧಾರ್, ಹೊಸ ಮನೆಯ ಬಾಡಿಗೆ ಕರಾರು ಪತ್ರ (ಸ್ವಂತ ಮನೆಯಾದರೆ ಕ್ರಯಪತ್ರ ಮತ್ತು ಖಾತಾ), ಹಳೆ ಮನೆ ಹಾಗೂ ಹೊಸ ಮನೆ ಎರಡರದೂ ಕೊನೆಯ ಕರೆಂಟ್ ಬಿಲ್, ಗ್ಯಾಸ್ ಪುಸ್ತಕ ಮತ್ತು ಎಸ್‌ವಿ. ಈ ಎಸ್‌ವಿ ಎಂದರೆ ಗ್ಯಾಸ್ ಸಂಪರ್ಕ ಕೊಟ್ಟ ದಿನ ಏಜೆನ್ಸಿಯವರು ಕೊಟ್ಟ ಚೀಟಿ. ನಿಮ್ಮ ಬಳಿ ಎಷ್ಟು ಸಿಲಿಂಡರ್ ಇದೆ, ಎಷ್ಟು ಡೆಪಾಸಿಟ್ ಕಟ್ಟಿದ್ದೀರಿ ಎಂಬುದು ಅದರಲ್ಲಿರುತ್ತದೆ. ಸಾಮಾನ್ಯವಾಗಿ ಬೀರುವಿನಲ್ಲಿ ಮದುವೆ ಆಲ್ಬಂ ಕೆಳಗೆ ಎಲ್ಲೋ ಇರುತ್ತದೆ. ಸಾಮಾನು ಕಟ್ಟುವ ಮೊದಲೇ ಹುಡುಕಿ ಇಟ್ಟುಕೊಳ್ಳಿ. ಪೆಟ್ಟಿಗೆಗಳಿಗೆ ಟೇಪ್ ಅಂಟಿಸಿದ ಮೇಲೆ ಯಾವ ಕಾಗದವೂ ಸಿಗುವುದಿಲ್ಲ.

1. ಅಡ್ವಾನ್ಸ್ ಕೊಡುವ ಮೊದಲು ಕರೆಂಟ್ ಬಿಲ್ ಕೇಳಿ

ಮನೆ ನೋಡಲು ಹೋದಾಗ ನೀರು ಬರುತ್ತಾ, ಗಾಡಿ ನಿಲ್ಲಿಸಲು ಜಾಗ ಇದೆಯಾ ಎಂದು ಎಲ್ಲರೂ ಕೇಳುತ್ತಾರೆ. ಕರೆಂಟ್ ಬಿಲ್ ತೋರಿಸಿ ಎಂದು ಕೇಳುವವರು ಕಡಿಮೆ. ಕೇಳಿ. ಒಂದು ತುಂಡು ಕಾಗದದಲ್ಲಿ ನಿಮಗೆ ಬೇಕಾದ ನಾಲ್ಕು ಸಂಗತಿಗಳಿವೆ.

ಒಂದು, ಆರ್‌ಆರ್ ನಂಬರ್ ಮತ್ತು ಅಕೌಂಟ್ ಐಡಿ. ಆರ್‌ಆರ್ ನಂಬರ್ ಎಂದರೆ ಆ ಮೀಟರಿನ ಗುರುತು, ಅಕ್ಷರ-ಅಂಕಿ ಎರಡೂ ಇರುತ್ತವೆ. ಅಕೌಂಟ್ ಐಡಿ ಬರೀ ಅಂಕಿ. ಆನ್‌ಲೈನ್‌ನಲ್ಲಿ ಬಿಲ್ ಕಟ್ಟಲು, ಮನೆಗಳಿಗೆ ಉಚಿತ ಕರೆಂಟ್ ಕೊಡುವ ಸರ್ಕಾರದ ಗೃಹಜ್ಯೋತಿ ಯೋಜನೆಗೆ ಅರ್ಜಿ ಹಾಕಲು ಈ ಅಕೌಂಟ್ ಐಡಿ ಬೇಕು.

ಎರಡು, ಬಾಕಿ. ಇದು ತುಂಬಾ ಮುಖ್ಯ. ಹಿಂದಿನವರು ಕಟ್ಟದ ಬಿಲ್ಲಿಗೂ ನನಗೂ ಏನು ಸಂಬಂಧ ಎಂದು ಅನಿಸಬಹುದು. ಆದರೆ ಕಂಪನಿಗೆ ಕಾಣುವುದು ಮೀಟರ್ ಮಾತ್ರ. ಹಣ ಬರದಿದ್ದರೆ ಫ್ಯೂಸ್ ತೆಗೆಯುತ್ತಾರೆ, ಕತ್ತಲಲ್ಲಿ ಕೂರುವವರು ನೀವು. ಮನೆ ಕೊಂಡವರಿಗಂತೂ ಇನ್ನೂ ಬಿಗಿ. ನಿಯಮದಲ್ಲಿ ಅವಕಾಶ ಇದ್ದರೆ ಹಿಂದಿನ ಮಾಲೀಕರ ಬಾಕಿಯನ್ನು ಹೊಸ ಮಾಲೀಕರಿಂದ ಕೇಳಬಹುದು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಹಾಗಾಗಿ ಬಾಕಿ ಸೊನ್ನೆ ಇರುವ ಬಿಲ್ ನೋಡಿಯೇ ಅಡ್ವಾನ್ಸ್ ಕೊಡಿ. ಓನರ್ ಬಿಲ್ ಎಲ್ಲೋ ಇದೆ ಎಂದರೆ ಬೇಸರ ಮಾಡಿಕೊಳ್ಳಬೇಡಿ. ಅಕೌಂಟ್ ಐಡಿ ತೆಗೆದುಕೊಂಡು ಫೋನ್‌ಪೇ ಅಥವಾ ಗೂಗಲ್ ಪೇಯಲ್ಲಿ ಹಾಕಿದರೆ ಕಟ್ಟಬೇಕಾದ ಮೊತ್ತ ಅಲ್ಲೇ ಕಾಣುತ್ತದೆ.

ಮೂರು, ದರದ ಗುಂಪು. ಎಲ್‌ಟಿ-1 ಎಂದಿದ್ದರೆ ಗೃಹಬಳಕೆ. ಎಲ್‌ಟಿ-3 ಎಂದರೆ ವಾಣಿಜ್ಯ. ಹಿಂದೆ ಅಲ್ಲಿ ಟೈಲರ್ ಅಂಗಡಿಯೋ ಆಫೀಸೋ ಇದ್ದಿದ್ದರೆ ವಾಣಿಜ್ಯ ದರವೇ ಉಳಿದಿರಬಹುದು. ಹಾಗಿದ್ದರೆ ನೀವು ಮಾಡಿದ ಚಪಾತಿ-ಪಲ್ಯಕ್ಕೂ ಅಂಗಡಿ ರೇಟು ಬೀಳುತ್ತದೆ, ಗೃಹಜ್ಯೋತಿಯೂ ಸಿಗುವುದಿಲ್ಲ. ಬದಲಾಯಿಸಿಕೊಡುವ ಕೆಲಸ ಓನರ್‌ದು.

ನಾಲ್ಕು, ಮಂಜೂರಾದ ಲೋಡ್. ಒಂದೇ ಹೊತ್ತಿಗೆ ಆ ಮನೆ ಎಷ್ಟು ಕರೆಂಟ್ ಎಳೆಯಬಹುದು ಎಂಬ ಮಿತಿ ಇದು. ಕಿಲೋವ್ಯಾಟ್ ಲೆಕ್ಕದಲ್ಲಿರುತ್ತದೆ. ಗೀಸರ್ ಒಂದೇ 2 ಕಿಲೋವ್ಯಾಟ್. ಇಂಡಕ್ಷನ್ ಒಲೆ ಇನ್ನೊಂದು 2. ಇಸ್ತ್ರಿ ಪೆಟ್ಟಿಗೆ 1. ಲೋಡ್ 2 ಕಿಲೋವ್ಯಾಟ್ ಇರುವ ಮನೆಗೆ ಎಸಿ ಹಿಡಿದುಕೊಂಡು ಹೋದರೆ ಬೆಳಗ್ಗೆ ಗೀಸರ್ ಹಾಕಿದಾಗಲೆಲ್ಲ ಟ್ರಿಪ್ ಆಗಬಹುದು. ಲೋಡ್ ಹೆಚ್ಚಿಸಬಹುದು, ಅರ್ಜಿ ಮತ್ತು ಹೆಚ್ಚುವರಿ ಡೆಪಾಸಿಟ್ ಬೇಕು, ಓನರ್ ಸಹಿ ಬೇಕು. ಹೆಚ್ಚಿಸಿದಷ್ಟೂ ನಿಗದಿತ ಶುಲ್ಕವೂ ಏರುತ್ತದೆ. ಈ ಶುಲ್ಕ ಮಂಜೂರಾದ ಲೋಡಿನ ಮೇಲೆ ಬೀಳುವಂಥದ್ದು. ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ಊರಿಗೆ ಹೋದರೂ ಅದು ಬರುತ್ತದೆ. "ನಾವು ಇರಲೇ ಇಲ್ಲ, ಬಿಲ್ ಹೇಗೆ ಬಂತು?" ಎಂಬ ಪ್ರಶ್ನೆಗೆ ಉತ್ತರ ಇದೇ.

ಇದರ ಜೊತೆ ಒಂದು ಪ್ರಶ್ನೆ ಬಾಯಿಬಿಟ್ಟು ಕೇಳಿ: ನಮ್ಮ ಪೋರ್ಷನ್‌ಗೆ ಬೇರೆ ಮೀಟರ್ ಇದೆಯಾ, ಅಥವಾ ಸಬ್ ಮೀಟರಾ? ಸಬ್ ಮೀಟರ್ ಎಂದರೆ ಕಂಪನಿಯ ಮೀಟರ್ ಒಂದೇ, ಅದರ ಕೆಳಗೆ ಓನರ್ ಹಾಕಿಸಿಕೊಂಡ ಮರಿ ಮೀಟರ್‌ಗಳು. ವಠಾರಗಳಲ್ಲಿ, ಮೂರು-ನಾಲ್ಕು ಪೋರ್ಷನ್ ಇರುವ ಕಟ್ಟಡಗಳಲ್ಲಿ ಇದು ಮಾಮೂಲು. ಹಾಗಿದ್ದರೆ ಯೂನಿಟ್‌ಗೆ ಎಷ್ಟು ರೂಪಾಯಿ ಎಂಬುದನ್ನು ಕರಾರಿನಲ್ಲೇ ಬರೆಸಿ. ಕರ್ನಾಟಕದಲ್ಲಿ 2024ರ ಏಪ್ರಿಲ್‌ನಿಂದ ಗೃಹಬಳಕೆಗೆ ಸ್ಲ್ಯಾಬ್ ಇಲ್ಲ, ಎಲ್ಲ ಯೂನಿಟ್‌ಗೂ ಒಂದೇ ದರ. ಹಾಗಾಗಿ ಜಾಸ್ತಿ ಯೂನಿಟ್ ಆಯ್ತು, ರೇಟ್ ಏರಿತು ಎಂಬ ಹಳೆ ಮಾತು ಈಗ ನಡೆಯುವುದಿಲ್ಲ. ಅಪಾರ್ಟ್‌ಮೆಂಟ್ ಆದರೆ ಜನರೇಟರ್ ಯೂನಿಟ್‌ಗೆ ಬೇರೆ ಲೆಕ್ಕ ಇರುತ್ತದೆ. ಅದರ ದರವನ್ನೂ ಕೇಳಿಟ್ಟುಕೊಳ್ಳಿ, ಅದು ಸಾಮಾನ್ಯ ಕರೆಂಟಿಗಿಂತ ದುಬಾರಿ.

2. ಹಳೆ ಮನೆ ಲೆಕ್ಕ ಮುಗಿಸಿ

ಹೊರಡುವ ಹತ್ತು ಹದಿನೈದು ದಿನ ಮೊದಲು ಶುರು ಮಾಡಿ. ಬಂದಿರುವ ಬಿಲ್ ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಕೊನೆಯ ಬಿಲ್ ಬಂದ ದಿನದಿಂದ ನೀವು ಬೀಗದ ಕೈ ಕೊಡುವ ದಿನದವರೆಗಿನ ಯೂನಿಟ್‌ಗಳಿಗೆ ಬಿಲ್ ಇನ್ನೂ ಬಂದಿರುವುದಿಲ್ಲ. ಈ ಅಂತರದಲ್ಲೇ ಜಗಳ ಹುಟ್ಟುವುದು. ಓನರ್ "ಸುಮಾರು ಎರಡು ಸಾವಿರ ಹಿಡ್ಕೊಳ್ತೀನಿ" ಎನ್ನುತ್ತಾರೆ, ನಿಮಗೆ ಅಷ್ಟು ಆಗಿಲ್ಲ ಅನಿಸುತ್ತದೆ.

ಲೆಕ್ಕ ಸುಲಭ. ಮೀಟರಿನಲ್ಲಿ ಇವತ್ತು ಕಾಣುವ ಅಂಕಿಯಿಂದ ಕೊನೆಯ ಬಿಲ್ಲಿನಲ್ಲಿರುವ ಈಗಿನ ಮಾಪನ ಎಂಬ ಅಂಕಿ ಕಳೆಯಿರಿ. ಬಂದದ್ದು ನೀವು ಬಳಸಿದ ಯೂನಿಟ್. ಅದನ್ನು ಬಿಲ್ಲಿನಲ್ಲಿರುವ ದರದಿಂದ ಗುಣಿಸಿ, ನಿಗದಿತ ಶುಲ್ಕದಲ್ಲಿ ದಿನಗಳ ಪಾಲು ಸೇರಿಸಿ, ಅದರ ಮೇಲೆ ಬೀಳುವ ತೆರಿಗೆ ಸೇರಿಸಿ. ಓನರ್ ಎದುರಿಗೇ ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಸಮೇತ ಕಳಿಸಿ, "ಸರಿ" ಎಂಬ ಉತ್ತರ ತರಿಸಿಕೊಳ್ಳಿ. ಆ ಎರಡಕ್ಷರ ಮುಂದೆ ಅಡ್ವಾನ್ಸ್ ವಾಪಸ್ ಕೇಳುವಾಗ ಕೆಲಸಕ್ಕೆ ಬರುತ್ತದೆ.

ಇನ್ನೊಂದು ಗಮನಿಸಿ. ವರ್ಷದ ನಡುವೆ ಹೆಚ್ಚುವರಿ ಭದ್ರತಾ ಠೇವಣಿ ಕಟ್ಟಿ ಎಂದು ಕಂಪನಿಯಿಂದ ನೋಟಿಸ್ ಬರುವುದುಂಟು. ಸುಮಾರು ಎರಡು ತಿಂಗಳ ಬಿಲ್ಲಿನಷ್ಟು ಹಣ ಠೇವಣಿಯಾಗಿ ಇರಬೇಕು ಎಂಬುದು ಅದರ ಲೆಕ್ಕ. ನಿಮ್ಮ ಬಳಕೆ ಏರಿದಾಗ ಅದೂ ಏರುತ್ತದೆ. ಬಾಡಿಗೆಗೆ ಇರುವಾಗ ನೀವು ಅದನ್ನು ಬಿಲ್ಲಿನ ಜೊತೆ ಕಟ್ಟಿದ್ದರೆ ನೆನಪಿಡಿ: ಅದು ಖರ್ಚಾದ ಹಣ ಅಲ್ಲ, ಓನರ್ ಹೆಸರಿನಲ್ಲಿ ಕಂಪನಿ ಬಳಿ ಕೂತಿರುವ ಹಣ. ಮನೆ ಬಿಡುವಾಗ ಅಡ್ವಾನ್ಸ್ ಜೊತೆ ಅದನ್ನೂ ಕೇಳಿ. ನನ್ನ ಪ್ರಕಾರ ಅದನ್ನು ಮೊದಲಿಗೇ ಓನರ್ ಕಟ್ಟಬೇಕು.

3. ಹೊಸ ಮನೆ ಬೀಗ ತೆಗೆದ ದಿನ ಮೀಟರ್ ಹತ್ತಿರ ಹೋಗಿ

ಸಾಮಾನು ಇಳಿಸುವ ಮೊದಲೇ ಇದನ್ನು ಮಾಡಿ. ಇಳಿಸಲು ಶುರುವಾದ ಮೇಲೆ ಮರೆತೇ ಹೋಗುತ್ತದೆ.

ಈಗಿನ ಮೀಟರ್‌ಗಳಲ್ಲಿ ಡಿಸ್‌ಪ್ಲೇ ತಾನಾಗಿಯೇ ಬದಲಾಗುತ್ತಾ ಇರುತ್ತದೆ. ಒಮ್ಮೆ ತಾರೀಖು, ಒಮ್ಮೆ ಸಮಯ, ಒಮ್ಮೆ ಯೂನಿಟ್, ಒಮ್ಮೆ ಗರಿಷ್ಠ ಬೇಡಿಕೆ. ನಮಗೆ ಬೇಕಾದದ್ದು ಕೆಡಬ್ಲ್ಯುಎಚ್ (kWh), ಅಂದರೆ ಯೂನಿಟ್, ಎಂದು ಪಕ್ಕದಲ್ಲಿ ಬರುವ ಅಂಕಿ. ಎಷ್ಟೋ ಜನ ಸಮಯದ ಫೋಟೋ ತೆಗೆದು ರೀಡಿಂಗ್ ಎಂದು ಕಳಿಸುತ್ತಾರೆ. ಪೂರ್ತಿ ಒಂದು ಸುತ್ತು ವಿಡಿಯೋ ಮಾಡಿಬಿಡಿ, ಯಾವ ತಕರಾರೂ ಇರುವುದಿಲ್ಲ. ಮೀಟರ್ ಸಂಖ್ಯೆಯೂ ಅದರಲ್ಲಿ ಬರಲಿ.

ಆಮೇಲೆ ಆ ಮೀಟರ್ ನಿಮ್ಮದೇನಾ ಎಂದು ನೋಡಿ. ಇದು ಸುಮ್ನೆ ಹೇಳುತ್ತಿಲ್ಲ. ನಾನು ಒಂದು ಮನೆಯಲ್ಲಿ ನಾಲ್ಕು ತಿಂಗಳು ಮಹಡಿ ಮೇಲಿನವರ ಬಿಲ್ ಕಟ್ಟಿದೆ, ಅವರು ನನ್ನದನ್ನು ಕಟ್ಟಿದರು. ಅವರ ಮನೆಯಲ್ಲಿ ಎರಡು ಎಸಿ ಇತ್ತು, ನನ್ನ ಮನೆಯಲ್ಲಿ ಎರಡು ಫ್ಯಾನ್. ವೈರಿಂಗ್ ಮಾಡಿದವನು ಎರಡು ವೈರ್ ಅದಲುಬದಲು ಮಾಡಿದ್ದ.

ಪರೀಕ್ಷೆಗೆ ಎರಡು ನಿಮಿಷ ಸಾಕು. ಮೀಟರಿನ ಮುಖದ ಮೇಲೆ ಒಂದು ಪುಟ್ಟ ಕೆಂಪು ದೀಪ ಮಿಟುಕುತ್ತಿರುತ್ತದೆ. ಕರೆಂಟ್ ಹೆಚ್ಚು ಹರಿದಷ್ಟೂ ಬೇಗ ಬೇಗ ಮಿಟುಕುತ್ತದೆ. ಪಕ್ಕದಲ್ಲಿ 3200 ಎಂದು ಬರೆದಿದ್ದರೆ, ಅದು 3,200 ಸಲ ಮಿಟುಕಿದರೆ ಒಂದು ಯೂನಿಟ್ ಎಂದರ್ಥ. ಮನೆಯೊಳಗೆ ಒಬ್ಬರನ್ನು ನಿಲ್ಲಿಸಿ ಗೀಸರ್ ಹಾಕಿಸಿ. ದೀಪ ಓಡಲು ಶುರು ಮಾಡಬೇಕು. ಆಮೇಲೆ ಮನೆಯ ಮೇನ್ ಸ್ವಿಚ್ ಆಫ್ ಮಾಡಿಸಿ. ದೀಪ ಮಿಟುಕುವುದು ನಿಲ್ಲಬೇಕು. ನಿಲ್ಲದಿದ್ದರೆ ನಿಮ್ಮ ಮೀಟರಿನಿಂದ ಇನ್ಯಾರಿಗೋ ಕರೆಂಟ್ ಹೋಗುತ್ತಿದೆ ಎಂದರ್ಥ. ಎಷ್ಟೋ ಕಡೆ ಅದು ನೀರಿನ ಮೋಟರ್ ಅಥವಾ ಮೆಟ್ಟಿಲಿನ ಲೈಟ್ ಆಗಿರುತ್ತದೆ. ಅವತ್ತೇ ಓನರ್‌ಗೆ ತೋರಿಸಿ.

ಒಳಗಿನ ಬೋರ್ಡ್‌ನಲ್ಲಿ ಆರ್‌ಸಿಸಿಬಿ ಇದೆಯಾ ನೋಡಿ. ಕರೆಂಟ್ ಎಲ್ಲಾದರೂ ಸೋರಿದರೆ, ಅಂದರೆ ಯಾರಿಗಾದರೂ ಶಾಕ್ ಹೊಡೆಯುವ ಸ್ಥಿತಿ ಬಂದರೆ, ತಟ್ಟನೆ ಲೈನ್ ಕಡಿಯುವ ಸ್ವಿಚ್ ಇದು. ಹಳಬರು ಇಎಲ್‌ಸಿಬಿ ಎನ್ನುತ್ತಾರೆ. ಅದರ ಮೇಲೆ ಟಿ ಎಂದು ಬರೆದ ಒಂದು ಗುಂಡಿ ಇರುತ್ತದೆ. ಒತ್ತಿದರೆ ಸ್ವಿಚ್ ಕೆಳಗೆ ಬೀಳಬೇಕು. ಬೀಳಲಿಲ್ಲವೆಂದರೆ ಅದು ಕೆಟ್ಟಿದೆ, ಹೆಸರಿಗಷ್ಟೇ ಇದೆ. ಗೀಸರ್ ಇರುವ ಬಚ್ಚಲುಮನೆ, ಮಕ್ಕಳಿರುವ ಮನೆ ಎಂದರೆ ಇದನ್ನು ಬದಲಾಯಿಸದೆ ಒಳಗೆ ಹೋಗಬೇಡಿ ಎಂದೇ ಹೇಳುತ್ತೇನೆ.

4. ಸಂಪರ್ಕ ನಿಮ್ಮ ಹೆಸರಿಗೆ ಆಗಬೇಕಾ?

ಬಾಡಿಗೆ ಅಥವಾ ಭೋಗ್ಯದ ಮನೆಯಾದರೆ ಬೇಡ. ಓನರ್ ಹೆಸರಿನಲ್ಲೇ ಇರಲಿ. ನಿಮ್ಮ ಮೊಬೈಲ್ ನಂಬರ್ ಮಾತ್ರ ಆ ಖಾತೆಗೆ ಸೇರಿಸಿಕೊಳ್ಳಿ, ಬಿಲ್ ಮತ್ತು ಕರೆಂಟ್ ಹೋಗುವ ಸಂದೇಶಗಳು ನಿಮಗೆ ಬರುತ್ತವೆ.

ಮನೆ ಕೊಂಡಿದ್ದರೆ ಬದಲಾಯಿಸಲೇಬೇಕು. ನಿಮ್ಮ ಮನೆಯ ಉಪವಿಭಾಗ ಕಚೇರಿಯಲ್ಲಿ ಅಥವಾ ಕಂಪನಿಯ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಬಹುದು. ಉಪವಿಭಾಗ ಯಾವುದು ಎಂಬುದು ಬಿಲ್ಲಿನ ಮೇಲ್ಭಾಗದಲ್ಲೇ ಇರುತ್ತದೆ. ಕ್ರಯಪತ್ರ, ಖಾತಾ, ತೆರಿಗೆ ರಸೀದಿ, ಬಾಕಿ ಇಲ್ಲದ ಬಿಲ್ ಬೇಕು. ಜೊತೆಗೆ ಛಾಪಾ ಕಾಗದದ ಮೇಲೆ ಒಂದು ಮುಚ್ಚಳಿಕೆ ಕೇಳುತ್ತಾರೆ. ಮುಂದೆ ಏನಾದರೂ ತಕರಾರು ಬಂದರೆ ನಾನೇ ಜವಾಬ್ದಾರ ಎಂದು ಬರೆದುಕೊಡುವುದು ಅಷ್ಟೇ.

ಇಲ್ಲಿ ಜನ ಎಡವುವುದು ಠೇವಣಿಯಲ್ಲಿ. ಹಿಂದಿನ ಮಾಲೀಕರು ಕಟ್ಟಿದ ಠೇವಣಿ ನಿಮ್ಮ ಹೆಸರಿಗೆ ಬರಬೇಕಾದರೆ ಅವರ ಒಪ್ಪಿಗೆ ಪತ್ರ ಬೇಕು. ಇಲ್ಲದಿದ್ದರೆ ನೀವು ಹೊಸದಾಗಿ ಕಟ್ಟಬೇಕಾಗುತ್ತದೆ. ರಿಜಿಸ್ಟ್ರೇಷನ್ ದಿನ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅವರು ಪಕ್ಕದಲ್ಲೇ ಕೂತಿರುತ್ತಾರಲ್ವಾ, ಆಗಲೇ ಸಹಿ ಹಾಕಿಸಿಕೊಳ್ಳಿ. ಆರು ತಿಂಗಳಾದ ಮೇಲೆ ಅವರು ಮಗಳ ಮನೆಗೆ ಅಮೆರಿಕಕ್ಕೆ ಹೋಗಿರುತ್ತಾರೆ.

ಹೊಸದಾಗಿ ಕಟ್ಟಿದ ಮನೆಯಾದರೆ ದಾರಿ ಬೇರೆ. ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರ ಮೂಲಕವೇ ಅರ್ಜಿ ಹೋಗಬೇಕು. ಮನೆ ಕಟ್ಟುವಾಗ ಪಡೆದ ತಾತ್ಕಾಲಿಕ ಸಂಪರ್ಕದಲ್ಲೇ ವಾಸ ಶುರು ಮಾಡಬೇಡಿ, ಅದರ ದರ ಬೇರೆ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ ಸ್ವಾಧೀನಾನುಭವ ಪತ್ರ, ಎಲ್ಲರ ಬಾಯಲ್ಲಿರುವ ಓಸಿ, ಇದೆಯಾ ಎಂದು ಎಷ್ಟೋ ಕಡೆ ಕೇಳುತ್ತಾರೆ. ಕಟ್ಟಡ ನಕ್ಷೆಯ ಪ್ರಕಾರವೇ ಇದೆ, ವಾಸಕ್ಕೆ ಯೋಗ್ಯ ಎಂದು ಪಾಲಿಕೆ ಕೊಡುವ ಪತ್ರ ಅದು. ಬಿಲ್ಡರ್ "ಓಸಿ ಬರ್ತಾ ಇದೆ" ಎಂದರೆ ಬಂದ ಮೇಲೆಯೇ ಕೊನೆಯ ಕಂತು ಕೊಡಿ.

5. ಗೃಹಜ್ಯೋತಿ: ಹಳೆಯದನ್ನು ಬಿಡಿಸಿ, ಹೊಸದನ್ನು ಸೇರಿಸಿ

ಇದರ ಬಗ್ಗೆಯೇ ಅತಿ ಹೆಚ್ಚು ಪ್ರಶ್ನೆ. ಮೊದಲು ಹೇಳಿದೆನಲ್ಲ, ಕರೆಂಟ್ ಮನೆಯದ್ದು, ಗ್ಯಾಸ್ ನಮ್ಮದು ಎಂದು. ಗೃಹಜ್ಯೋತಿ ಎರಡರ ನಡುವೆ ಇದೆ. ಮೀಟರ್ ಮನೆಯದ್ದು, ಅದಕ್ಕೆ ಜೋಡಿಸಿರುವುದು ನಿಮ್ಮ ಆಧಾರ್. ನೀವು ಮನೆ ಬಿಟ್ಟರೂ ಆಧಾರ್ ಹಳೆ ಮೀಟರಿಗೇ ಅಂಟಿಕೊಂಡಿರುತ್ತದೆ. ಹೊಸ ಮನೆಗೆ ಅರ್ಜಿ ಹಾಕಿದರೆ ಈಗಾಗಲೇ ನೋಂದಣಿ ಆಗಿದೆ ಎಂದು ಬರುತ್ತದೆ.

ಅದಕ್ಕೆ ಸರ್ಕಾರದ ವೆಬ್‌ಸೈಟ್ ಸೇವಾ ಸಿಂಧುವಿನಲ್ಲಿ ಡಿ-ಲಿಂಕ್ ಎಂಬ ಆಯ್ಕೆ ಕೊಟ್ಟಿದ್ದಾರೆ. ಹಳೆ ಮೀಟರಿನಿಂದ ಆಧಾರ್ ಬಿಡಿಸುವುದು ಎಂದರ್ಥ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ, ಆ ಸಿಮ್ ಚಾಲೂ ಇರಬೇಕು. ಡಿ-ಲಿಂಕ್ ಆದ ಮೇಲೆ ಹೊಸ ಮನೆಯ ಅಕೌಂಟ್ ಐಡಿ ಹಾಕಿ ಮತ್ತೆ ಅರ್ಜಿ ಸಲ್ಲಿಸಿ. ಬಾಡಿಗೆದಾರರು ಕರಾರು ಪತ್ರ ಅಥವಾ ಆ ವಿಳಾಸದ ದಾಖಲೆ ತೋರಿಸಬೇಕು. ಆನ್‌ಲೈನ್ ಕಷ್ಟ ಎನಿಸಿದರೆ ಬೆಂಗಳೂರು ಒನ್, ಕರ್ನಾಟಕ ಒನ್ ಅಥವಾ ಗ್ರಾಮ ಒನ್ ಕೇಂದ್ರಕ್ಕೆ ಹೋಗಿ.

ಹೊಸ ಮನೆಯ ಮೀಟರಿಗೆ ಹಿಂದಿನ ಬಾಡಿಗೆದಾರರ ಆಧಾರ್ ಇನ್ನೂ ಜೋಡಣೆಯಾಗಿದ್ದರೆ ಅವರೂ ಬಿಡಿಸಬೇಕು. ಅವರ ನಂಬರ್ ಓನರ್ ಹತ್ತಿರ ಇರುತ್ತದೆ, ಕೇಳಿ. ನೀವೂ ಹಳೆ ಮನೆಯಲ್ಲಿ ಹಾಗೆ ಬಿಟ್ಟು ಬಂದಿದ್ದರೆ ಅಲ್ಲಿಗೆ ಬಂದ ಹೊಸಬರು ನಿಮ್ಮನ್ನು ಬೈಯುತ್ತಿರುತ್ತಾರೆ.

ಲೆಕ್ಕ ಹೇಗೆ ಎಂಬುದನ್ನೂ ಹೇಳಿಬಿಡುತ್ತೇನೆ. 200 ಯೂನಿಟ್ ಎಲ್ಲರಿಗೂ ಉಚಿತ ಎಂಬುದು ತಪ್ಪು ತಿಳಿವಳಿಕೆ. 2022-23ರಲ್ಲಿ ಆ ಮೀಟರಿನ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಶೇ 10 (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದರೆ 2024ರಿಂದ 10 ಯೂನಿಟ್) ಸೇರಿಸಿದರೆ ಬರುವುದು ಅರ್ಹ ಯೂನಿಟ್. ಸರಾಸರಿ 80 ಇದ್ದರೆ ಅರ್ಹತೆ 88. 88ರೊಳಗೆ ಬಳಸಿದರೆ ಬಿಲ್ ಸೊನ್ನೆ. 120 ಬಳಸಿದರೆ ಹೆಚ್ಚಾದ 32 ಯೂನಿಟ್‌ಗೆ ಕಟ್ಟಬೇಕು. 201 ಆದರೆ ಪೂರ್ತಿ ಬಿಲ್ ನಿಮ್ಮದೇ. ಹಿಂದಿನ ಬಳಕೆಯ ದಾಖಲೆಯೇ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿ 53 ಯೂನಿಟ್, ಅದರ ಮೇಲೆ ಶೇ 10 ಸೇರಿ 58 ಯೂನಿಟ್ ಎಂದು ನಿಗದಿ ಮಾಡಿದರು. ಹಾಗಾಗಿ "ಹಳೆ ಮನೆಯಲ್ಲಿ ಸೊನ್ನೆ ಬರ್ತಿತ್ತು, ಅಷ್ಟೇ ಬಳಸಿದರೂ ಇಲ್ಲಿ ಬಿಲ್ ಬಂತು" ಎಂದರೆ ಮೀಟರ್ ಕೆಟ್ಟಿದೆ ಎಂದುಕೊಳ್ಳಬೇಡಿ, ಬಿಲ್ಲಿನಲ್ಲಿ ಅರ್ಹ ಯೂನಿಟ್ ಎಷ್ಟಿದೆ ಎಂದು ಮೊದಲು ನೋಡಿ.

ಸಬ್ ಮೀಟರ್ ಮನೆಯವರಿಗೆ ಕಹಿ ಸುದ್ದಿ. ಕಂಪನಿ ಲೆಕ್ಕಕ್ಕೆ ಆ ಇಡೀ ಕಟ್ಟಡ ಒಂದೇ ಸಂಪರ್ಕ. ನಾಲ್ಕು ಮನೆ ಸೇರಿ 200 ದಾಟಿದರೆ ಯಾರಿಗೂ ಇಲ್ಲ. ಪೋರ್ಷನ್‌ಗೆ ಬೇರೆ ಆರ್‌ಆರ್ ನಂಬರ್ ಇರುವ ಮನೆಗೆ ತಿಂಗಳಿಗೆ ಐನೂರು ರೂಪಾಯಿ ಬಾಡಿಗೆ ಹೆಚ್ಚಾದರೂ ಎಷ್ಟೋ ಸಲ ಅದೇ ಅಗ್ಗ.

6. ಗ್ಯಾಸ್: ಅದೇ ಊರೊಳಗೆ ಹೋಗುತ್ತಿದ್ದರೆ

ಇಂಡೇನ್, ಎಚ್‌ಪಿ, ಭಾರತ್ ಗ್ಯಾಸ್, ಯಾವುದಾದರೂ ಕ್ರಮ ಒಂದೇ. ಹೊಸ ಮನೆ ಹಳೆ ಏಜೆನ್ಸಿಯ ವ್ಯಾಪ್ತಿಯಲ್ಲೇ ಇದ್ದರೆ ವಿಳಾಸ ಬದಲಾಯಿಸಿದರೆ ಸಾಕು. ಬೇರೆ ಏಜೆನ್ಸಿ ವ್ಯಾಪ್ತಿಯಾದರೆ, ಉದಾಹರಣೆಗೆ ರಾಜಾಜಿನಗರದಿಂದ ಜೆ.ಪಿ. ನಗರಕ್ಕೆ ಹೋದರೆ, ವರ್ಗಾವಣೆ ಕೇಳಬೇಕು. ಹಳೆ ಏಜೆನ್ಸಿಯವರು ಕಂಪ್ಯೂಟರ್‌ನಲ್ಲೇ ಕಳಿಸುತ್ತಾರೆ, ಇದಕ್ಕೆ ಇ-ಸಿಟಿಎ ಎನ್ನುತ್ತಾರೆ. ಸಿಲಿಂಡರ್, ರೆಗ್ಯುಲೇಟರ್ ಎರಡೂ ನಿಮ್ಮ ಜೊತೆಗೇ ಬರುತ್ತವೆ. ಹಳೆ ಡೆಪಾಸಿಟ್ಟೇ ಮುಂದುವರಿಯುತ್ತದೆ. ಹೊಸ ಏಜೆನ್ಸಿಯಲ್ಲಿ ಮತ್ತೆ ಡೆಪಾಸಿಟ್ ಕಟ್ಟಿ ಎಂದರೆ ಒಪ್ಪಬೇಡಿ. ಒಲೆ ನಮ್ಮಲ್ಲೇ ಕೊಳ್ಳಬೇಕು ಎನ್ನುವುದೂ ನಿಯಮವಲ್ಲ.

ವಿಳಾಸ ಯಾಕೆ ಬದಲಾಯಿಸಬೇಕು, ಹಳೆ ವಿಳಾಸಕ್ಕೆ ತರಿಸಿಕೊಂಡು ಸ್ಕೂಟರ್‌ನಲ್ಲಿ ತಂದರೆ ಆಯ್ತಲ್ಲ ಎಂದು ಕೇಳುವವರಿದ್ದಾರೆ. ಅವಘಡ ಆದರೆ ಎಂಬುದೇ ಉತ್ತರ. ತೈಲ ಕಂಪನಿಗಳು ಗ್ರಾಹಕರ ಪರವಾಗಿ ವಿಮೆ ಮಾಡಿಸಿರುತ್ತವೆ, ನೀವು ಏನೂ ಕಟ್ಟಬೇಕಿಲ್ಲ. ಆಸ್ತಿ ಹಾನಿಗೆ 2 ಲಕ್ಷ ರೂಪಾಯಿವರೆಗೆ ಪರಿಹಾರ ಇದೆ. ಆದರೆ ನೋಂದಾಯಿತ ಗ್ರಾಹಕರ ನೋಂದಾಯಿತ ವಿಳಾಸದಲ್ಲಿ ಆಗಿದ್ದರೆ ಮಾತ್ರ. ಇದೇ ಕಾರಣಕ್ಕೆ ಓನರ್ ಬಿಟ್ಟುಹೋದ, ಇನ್ಯಾರದೋ ಹೆಸರಿನ ಸಿಲಿಂಡರ್ ಬಳಸಬೇಡಿ.

ಮೊಬೈಲ್ ನಂಬರ್ ಸರಿಯಾಗಿದೆಯಾ ನೋಡಿಕೊಳ್ಳಿ. ಸಿಲಿಂಡರ್ ತಂದವರು ಒಂದು ಕೋಡ್ ಕೇಳುತ್ತಾರೆ, ಅದು ನೋಂದಾಯಿತ ನಂಬರಿಗೇ ಬರುವುದು. ಅಪ್ಪನ ಹೆಸರಿನ ಸಂಪರ್ಕ, ಅಪ್ಪನ ನಂಬರ್, ಅಪ್ಪ ಊರಿನಲ್ಲಿ ತೋಟದಲ್ಲಿದ್ದಾರೆ, ನೆಟ್‌ವರ್ಕ್ ಇಲ್ಲ. ಗಾಡಿ ವಾಪಸ್.

7. ಬೇರೆ ಊರಿಗೆ ಹೋಗುತ್ತಿದ್ದರೆ

ಇಲ್ಲಿ ಸಿಲಿಂಡರ್ ಹೊತ್ತುಕೊಂಡು ಹೋಗುವಂತಿಲ್ಲ. ಹುಬ್ಬಳ್ಳಿಯಿಂದ ಮೈಸೂರಿಗೆ ಹೋಗುವವರು ಹುಬ್ಬಳ್ಳಿಯಲ್ಲೇ ಸಿಲಿಂಡರ್ ಮತ್ತು ರೆಗ್ಯುಲೇಟರ್ ಒಪ್ಪಿಸಬೇಕು. ಎರಡು ಸಿಲಿಂಡರ್ ಇದ್ದರೆ ಎರಡೂ. ಏಜೆನ್ಸಿಯವರು ಟಿವಿ ಎಂಬ ಚೀಟಿ ಕೊಡುತ್ತಾರೆ, ಸಂಪರ್ಕ ಮುಕ್ತಾಯದ ಚೀಟಿ ಅದು. ಜೊತೆಗೆ ಡೆಪಾಸಿಟ್ ಹಣ ವಾಪಸ್. ಹೊಸ ಊರಿನ ಏಜೆನ್ಸಿಯಲ್ಲಿ ಈ ಚೀಟಿ ತೋರಿಸಿ ಇವತ್ತಿನ ಡೆಪಾಸಿಟ್ ಕಟ್ಟಿದರೆ ಸಂಪರ್ಕ ಸಿಗುತ್ತದೆ.

ಇವತ್ತಿನ ಡೆಪಾಸಿಟ್ ಎಂಬುದನ್ನು ಗಮನಿಸಿ. 2022ರ ಜೂನ್‌ನಲ್ಲಿ 14.2 ಕೆಜಿ ಸಿಲಿಂಡರಿನ ಡೆಪಾಸಿಟ್ 1,450ರಿಂದ 2,200 ರೂಪಾಯಿಗೆ, ರೆಗ್ಯುಲೇಟರಿನದು 150ರಿಂದ 250ಕ್ಕೆ ಏರಿತು. ನೀವು ಎಂದೋ ಕಟ್ಟಿದ್ದು ಎಸ್‌ವಿಯಲ್ಲಿ ಎಷ್ಟಿದೆಯೋ ಅಷ್ಟೇ ವಾಪಸ್ ಬರುತ್ತದೆ. ವ್ಯತ್ಯಾಸ ನಿಮ್ಮ ಕೈಯಿಂದ. ಏಜೆನ್ಸಿಯವರು ಮೋಸ ಮಾಡಿದರು ಎಂದು ಇಲ್ಲಿ ಜಗಳ ಆಡಬೇಡಿ, ನಿಯಮವೇ ಹಾಗಿದೆ.

ಸಿಲಿಂಡರಿನಲ್ಲಿ ಉಳಿದ ಗ್ಯಾಸಿಗೆ ಹಣ ಬರುವುದಿಲ್ಲ. ಹಾಗಾಗಿ ಹೊರಡುವ ಮುಂಚಿನ ಎರಡು ಮೂರು ವಾರ ಹೊಸದನ್ನು ಬುಕ್ ಮಾಡಬೇಡಿ. ಎಸ್‌ವಿ ಕಳೆದಿದ್ದರೆ ಏಜೆನ್ಸಿಯಲ್ಲಿ ಅಫಿಡವಿಟ್ ಕೊಟ್ಟು ಮುಂದುವರಿಯಬಹುದು, ಒಂದೆರಡು ದಿನ ಜಾಸ್ತಿ ಹಿಡಿಯುತ್ತದೆ.

ನಡುವಿನ ದಿನಗಳಿಗೆ ಏನು ಮಾಡುವುದು? 5 ಕೆಜಿ ಸಣ್ಣ ಸಿಲಿಂಡರ್ ಇದೆ, ಇಂಡೇನ್‌ನವರು ಛೋಟು ಎನ್ನುತ್ತಾರೆ. ವಿಳಾಸದ ದಾಖಲೆ ಬೇಡ, ಒಂದು ಗುರುತಿನ ಚೀಟಿ ಸಾಕು. ಏಜೆನ್ಸಿ, ಕೆಲವು ಪೆಟ್ರೋಲ್ ಬಂಕ್‌ಗಳಲ್ಲಿ ಸಿಗುತ್ತದೆ. ಕೆಜಿ ಲೆಕ್ಕದಲ್ಲಿ ದುಬಾರಿಯೇ. ಆದರೆ ಒಬ್ಬಂಟಿ ಇರುವವರಿಗೆ, ಪದೇ ಪದೇ ರೂಮ್ ಬದಲಿಸುವವರಿಗೆ ನನ್ನ ಮಟ್ಟಿಗೆ ಇದೇ ಸರಿ. ರಸ್ತೆ ಬದಿಯಲ್ಲಿ ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ಗ್ಯಾಸ್ ತುಂಬಿ ಕೊಡುವ ಅಂಗಡಿಗಳಿಗೆ ಮಾತ್ರ ಹೋಗಬೇಡಿ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ.

8. ಹೊಸ ಮನೆಯಲ್ಲಿ ಪೈಪ್ ಗ್ಯಾಸ್ ಇದ್ದರೆ

ಬೆಂಗಳೂರು, ಮಂಗಳೂರಿನಲ್ಲಿ ಗೇಲ್ ಗ್ಯಾಸ್‌ನವರು ಮನೆಗೆ ಪೈಪ್ ಗ್ಯಾಸ್ ಕೊಡುತ್ತಾರೆ. ಬೇರೆ ಜಿಲ್ಲೆಗಳಲ್ಲಿ ಬೇರೆ ಕಂಪನಿಗಳಿವೆ. ಇದು ಕರೆಂಟಿನ ಹಾಗೆ, ಮನೆಗೇ ಸೇರಿದ್ದು. ಓನರ್ ಹೆಸರಲ್ಲೇ ಇರುತ್ತದೆ, ಮೀಟರ್ ಇರುತ್ತದೆ. ಬಾಕಿ ನೋಡುವುದು, ರೀಡಿಂಗ್ ಫೋಟೋ ತೆಗೆಯುವುದು ಎಲ್ಲ ಮೇಲೆ ಹೇಳಿದಂತೆಯೇ.

ಆದರೆ ಒಲೆಯ ವಿಷಯದಲ್ಲಿ ಎಚ್ಚರ. ಪೈಪ್ ಗ್ಯಾಸಿನ ಒತ್ತಡ ಕಡಿಮೆ, ಶಾಖವೂ ಕಡಿಮೆ. ಅದಕ್ಕೆ ಬರ್ನರ್ ಕೆಳಗಿನ ಜೆಟ್‌ನ ತೂತು ದೊಡ್ಡದಿರಬೇಕು. ಸಿಲಿಂಡರಿನ ಒಲೆಯನ್ನು ಹಾಗೇ ಪೈಪಿಗೆ ಜೋಡಿಸಿದರೆ ಉರಿ ಮಿಣಮಿಣ ಎನ್ನುತ್ತದೆ. ಕಂಪನಿಯ ತಂತ್ರಜ್ಞರೇ ಬಂದು ಜೆಟ್ ಬದಲಿಸುತ್ತಾರೆ. ಅಪಾಯ ಇರುವುದು ಇದರ ಉಲ್ಟಾದಲ್ಲಿ. ಪೈಪ್ ಗ್ಯಾಸ್ ಮನೆ ಬಿಟ್ಟು ಸಿಲಿಂಡರ್ ಮನೆಗೆ ಬರುವಾಗ ಅದೇ ಒಲೆ ತಂದು ಹಚ್ಚಿದರೆ ಜ್ವಾಲೆ ಮುಖದೆತ್ತರಕ್ಕೆ ಏಳಬಹುದು. ಜೆಟ್ ವಾಪಸ್ ಬದಲಿಸದೆ ಕಡ್ಡಿ ಗೀರಬೇಡಿ.

9. ಸಾಗಿಸುವ ದಿನ, ಮತ್ತು ಮೊದಲ ಸಲ ಒಲೆ ಹಚ್ಚುವಾಗ

ರೆಗ್ಯುಲೇಟರ್ ಬಿಚ್ಚಿ, ಸಿಲಿಂಡರಿನ ಬಾಯಿಗೆ ಪ್ಲಾಸ್ಟಿಕ್ ಮುಚ್ಚಳ ಹಾಕಿ. ನೂಲಿನಲ್ಲಿ ಕಟ್ಟಿರುವ ಆ ಮುಚ್ಚಳ ಅಲಂಕಾರಕ್ಕಲ್ಲ. ನೆಟ್ಟಗೆ ನಿಲ್ಲಿಸಿ, ಅಲ್ಲಾಡದ ಹಾಗೆ ಕಟ್ಟಿ. ಬಾಗಿಲು ಮುಚ್ಚಿದ ಲಾರಿಯೊಳಗೆ ಹಾಸಿಗೆ-ಫ್ರಿಜ್‌ಗಳ ಮಧ್ಯೆ ತುರುಕಬೇಡಿ. ಬಸ್ಸು, ರೈಲಿನಲ್ಲಿ ಒಯ್ಯಲು ಬಿಡುವುದಿಲ್ಲ.

ಹೊಸ ಸಿಲಿಂಡರ್ ಬಂದರೆ ಮೇಲಿನ ಹಿಡಿಕೆಯ ಒಳಬದಿ ನೋಡಿ. ಒಂದು ಅಕ್ಷರ, ಎರಡಂಕಿಯ ವರ್ಷ ಬರೆದಿರುತ್ತಾರೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಎಂದರೆ ಜುಲೈನಿಂದ ಸೆಪ್ಟೆಂಬರ್, ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಡಿ-28 ಎಂದಿದ್ದರೆ 2028ರ ಡಿಸೆಂಬರ್ ಒಳಗೆ ಆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕು. ಆ ಅವಧಿ ದಾಟಿದ್ದನ್ನು ತೆಗೆದುಕೊಳ್ಳಬೇಡಿ. ತೂಕ ಮಾಡಿ ತೋರಿಸಿ ಎಂದು ಕೇಳುವ ಹಕ್ಕೂ ನಿಮಗಿದೆ.

ಕಿತ್ತಳೆ ಬಣ್ಣದ ಸುರಕ್ಷಾ ಟ್ಯೂಬಿನ ಆಯಸ್ಸು 5 ವರ್ಷ. ಅದರ ಮೇಲೇ ವರ್ಷ ಅಚ್ಚಾಗಿರುತ್ತದೆ. ಮನೆ ಬದಲಿಸುವ ಹೊತ್ತು ಅದನ್ನು ಬದಲಿಸಲು ಒಳ್ಳೇ ನೆಪ. ಸಿಲಿಂಡರ್ ನೆಲದ ಮೇಲೆ, ಒಲೆ ಅದಕ್ಕಿಂತ ಎತ್ತರದಲ್ಲಿರಲಿ. ಜೋಡಿಸಿದ ಮೇಲೆ ಸೋಪಿನ ನೊರೆ ಹಚ್ಚಿ ನೋಡಿ, ಗುಳ್ಳೆ ಬಂದರೆ ಸೋರುತ್ತಿದೆ. ಕಡ್ಡಿ ಗೀರಿ ಪರೀಕ್ಷೆ ಮಾಡುವವರು ಈಗಲೂ ಇದ್ದಾರೆ, ನೀವು ಅವರಲ್ಲಿ ಒಬ್ಬರಾಗಬೇಡಿ. ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿ. ಹಾಕುವುದೂ ಬೇಡ, ಆರಿಸುವುದೂ ಬೇಡ, ಎರಡರಲ್ಲೂ ಕಿಡಿ ಹಾರುತ್ತದೆ. ರೆಗ್ಯುಲೇಟರ್ ಆಫ್ ಮಾಡಿ, ಕಿಟಕಿ ಬಾಗಿಲು ತೆಗೆಯಿರಿ, ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲೇ ಹರಡಿಕೊಂಡಿರುತ್ತದೆ. ಕಿಟಕಿ ಮಾತ್ರ ತೆಗೆದರೆ ಸಾಲದು, ಬಾಗಿಲೂ ತೆಗೆಯಬೇಕು.

10. ಮೊದಲ ಬಿಲ್ ಬಂದಾಗ

ನೀವು ಬಂದ ದಿನ ತೆಗೆದಿಟ್ಟ ಮೀಟರಿನ ಫೋಟೋ ಅಥವಾ ವಿಡಿಯೋ ತೆರೆದು ನೋಡಿ. ಬಿಲ್ಲಿನ ಹಿಂದಿನ ಮಾಪನ ನಿಮ್ಮ ಫೋಟೋದ ಅಂಕಿಗಿಂತ ಕಡಿಮೆ ಇದ್ದರೆ, ಆ ವ್ಯತ್ಯಾಸದ ಯೂನಿಟ್ ಹಿಂದಿನವರದು. ಓನರ್‌ಗೆ ಕಳಿಸಿ, ಬಾಡಿಗೆಯಲ್ಲಿ ಹಿಡಿದುಕೊಳ್ಳಿ. ಮನೆ ಕೆಲವು ತಿಂಗಳು ಖಾಲಿ ಇದ್ದು ಮೀಟರ್ ಒಳಗಡೆ ಇದ್ದಿದ್ದರೆ ಬಿಲ್ಲಿನಲ್ಲಿ ಡೋರ್ ಲಾಕ್ ಎಂದು ಬಂದಿರುತ್ತದೆ. ಬೀಗ ಹಾಕಿದ್ದರಿಂದ ರೀಡಿಂಗ್ ತೆಗೆಯದೆ ಸರಾಸರಿ ಹಾಕಿದ್ದಾರೆ ಎಂದರ್ಥ. ಅಂಥ ಮನೆಗಳಲ್ಲಿ ಮೊದಲ ನಿಜವಾದ ರೀಡಿಂಗ್ ಬಂದಾಗ ಹಳೆಯದೆಲ್ಲ ಒಟ್ಟಿಗೆ ನಿಮ್ಮ ಬಿಲ್ಲಿಗೆ ಬಂದು ಬೀಳುತ್ತದೆ. ಆಗ ಬಿಲ್, ಫೋಟೋ, ಕರಾರು ಪತ್ರ ಮೂರನ್ನೂ ತೆಗೆದುಕೊಂಡು ಉಪವಿಭಾಗ ಕಚೇರಿಗೆ ಹೋಗಿ ಬರವಣಿಗೆಯಲ್ಲೇ ದೂರು ಕೊಡಿ. ದೂರಿನ ನಕಲಿನ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಆ ಕಚೇರಿಗೆ ಬೆಳಗ್ಗೆಯೇ ಹೋದರೆ ಒಳ್ಳೆಯದು, ಮಧ್ಯಾಹ್ನದ ಮೇಲೆ ಎಂಜಿನಿಯರ್ ಸೈಟ್‌ನಲ್ಲಿದ್ದಾರೆ ಎಂಬ ಉತ್ತರವೇ ಸಿಗುವುದು ಜಾಸ್ತಿ.